ತಂಗಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ಸಿಗುತ್ತಾ? ಎಸ್‌ಎಸ್‌ಪಿ ಹಣ ಬರುವ ಖಾತೆಯನ್ನೇ ಕೊಡಬಹುದಾ?

ತಂಗಿ ಸರ್ಕಾರಿ ಕಾಲೇಜಲ್ಲಿ ಪಿಯುಸಿ ಮುಗಿಸಿ ಬಿ.ಕಾಂ. ಮೊದಲ ವರ್ಷಕ್ಕೆ ಸೇರಿದ್ದಾಳೆ, ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಗೂ ಅರ್ಜಿ ಹಾಕಿದ್ದಾಳೆ ಎಂದಿದ್ದೀರಿ. ಅರ್ಹತೆ ನೋಡಿದರೆ ಅವಳು ಧಾರಾಳವಾಗಿ ಅರ್ಜಿ ಹಾಕಬಹುದು, ಆದರೆ ಹತ್ತನೇ ತರಗತಿಯೂ ಸರ್ಕಾರಿ ಶಾಲೆಯಲ್ಲೇ ಆಗಿರಬೇಕು. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಅನುದಾನಿತ ಶಾಲೆಯಲ್ಲಿ ಫೀಸು ಕಡಿಮೆ ಇರಬಹುದು, ಬಿಸಿಯೂಟವೂ ಇರಬಹುದು, ಆದರೂ ಅದು ಸರ್ಕಾರಿ ಶಾಲೆಯಲ್ಲ. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ರೆಗ್ಯುಲರ್ ಆಗಿ ಓದಿ ಪಾಸಾಗಿ, ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷದಲ್ಲಿರುವ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ ಎರಡು ಕಂತಿನಲ್ಲಿ ಸಿಗುತ್ತದೆ. ನಮ್ಮ ರಾಜ್ಯದಲ್ಲಿ 2025ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನವರು ಸರ್ಕಾರದ ಜತೆ ಸೇರಿ ಇದನ್ನು ‘ದೀಪಿಕಾ’ ಎಂಬ ಹೆಸರಲ್ಲಿ ಶುರು ಮಾಡಿದರು. ಅರ್ಜಿಗೆ ಒಂದು ರೂಪಾಯಿಯೂ ಶುಲ್ಕವಿಲ್ಲ. ಯಾರಾದರೂ ‘ಪ್ರೊಸೆಸಿಂಗ್ ಫೀ’ ಕೇಳಿದರೆ ಅದು ಮೋಸವೇ.

ಇನ್ನು ಖಾತೆಯ ವಿಷಯ. ಎಸ್‌ಎಸ್‌ಪಿ ಹಣ ಆಧಾರ್ ಜೋಡಣೆಯಾದ ಖಾತೆಗೆ ತಾನಾಗಿಯೇ ಹೋಗುತ್ತದೆ. ಪ್ರೇಮ್‌ಜಿಯದು ಹಾಗಲ್ಲ. ಅರ್ಜಿಯಲ್ಲಿ ತುಂಬಿದ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡ್) ನೋಡಿಯೇ ಹಣ ಹಾಕುತ್ತಾರೆ. ಅದೇ ಖಾತೆ ಕೊಡಲು ಅಡ್ಡಿಯಿಲ್ಲ, ಆದರೆ ಪಾಸ್‌ಬುಕ್ ಯಾವ ಕಾಲದ್ದು ನೋಡಿ. ಹಳೇ ಪಾಸ್‌ಬುಕ್ಕಿನಲ್ಲಿ ಸಿಂಡಿಕೇಟ್ ಬ್ಯಾಂಕ್, ವಿಜಯಾ ಬ್ಯಾಂಕ್ ಅಂತಲೇ ಮುದ್ರಣವಾಗಿರುತ್ತದೆ, ಅದರಲ್ಲಿರುವ ಕೋಡ್ ಈಗ ನಡೆಯದು. ಹಳ್ಳಿ ಕಡೆ ಹೆಚ್ಚು ಜನರ ಖಾತೆ ಇರುವ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿದೆ. ಶಾಖೆಗೆ ಹೋಗಿ ಹೊಸ ಪಾಸ್‌ಬುಕ್ ಕೇಳಿ ತೆಗೆದುಕೊಳ್ಳಿ. ಆಮೇಲೆ ಒಂದು ಪರೀಕ್ಷೆ ಮಾಡಿ: ನಿಮ್ಮ ಫೋನಿಂದ ಅವಳ ನಂಬರಿಗಲ್ಲ, ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಹಾಕಿ 10 ರೂಪಾಯಿ ಕಳಿಸಿ. ಅದು ಮುಟ್ಟಿತೆಂದರೆ ಖಾತೆ ಸರಿಯಿದೆ. ಎಂಟನೇ ಕ್ಲಾಸಿನಲ್ಲಿ ಅಪ್ಪನ ಜತೆ ತೆರೆದ ಮೈನರ್ ಖಾತೆಯಾದರೆ, 18 ತುಂಬಿದ ಮೇಲೆ ಕೆವೈಸಿ ಮಾಡಿಸಿ ಅವಳೊಬ್ಬಳ ಹೆಸರಿಗೇ ಮಾಡಿಸಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಹೆಸರು. ಅಂಕಪಟ್ಟಿಯಲ್ಲಿ ‘ಭಾಗ್ಯಶ್ರೀ ಎಂ.’, ಆಧಾರಿನಲ್ಲಿ ‘ಭಾಗ್ಯಶ್ರೀ ಮಲ್ಲಪ್ಪ ಹಡಪದ’, ಪಾಸ್‌ಬುಕ್ಕಿನಲ್ಲಿ ಬರೀ ‘ಭಾಗ್ಯ’. ಮೂರೂ ಒಬ್ಬಳೇ ಎಂದು ಮನೆಯವರಿಗೆ ಗೊತ್ತು, ಕಾಗದ ನೋಡುವವರಿಗೆ ಗೊತ್ತಾಗಬೇಕಲ್ಲ. ಅಂಕಪಟ್ಟಿ ತಿದ್ದಿಸುವುದು ಶಾಲೆ, ಮಂಡಳಿ ಅಂತ ತಿಂಗಳುಗಟ್ಟಲೆ ಓಡಾಟ. ಅದನ್ನೇ ಆಧಾರವಾಗಿಟ್ಟುಕೊಂಡು ಆಧಾರ್ ತಿದ್ದಿಸಿ, ನಂತರ ಬ್ಯಾಂಕ್. ಆಧಾರಿನಲ್ಲಿ ಹೆಸರು ಬದಲಿಸಲು ಇಡೀ ಜೀವನದಲ್ಲಿ ಎರಡೇ ಅವಕಾಶ, ಹಾಗಾಗಿ ಆಧಾರ್ ಕೇಂದ್ರದವರು ಗುಂಡಿ ಒತ್ತುವ ಮುನ್ನ ಪರದೆಯ ಮೇಲಿನ ಕಾಗುಣಿತ ನೀವೇ ಓದಿ.

ದಾಖಲೆಗಳು ಹೆಚ್ಚೇನಿಲ್ಲ: ಫೋಟೊ, ಸಹಿ, ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಎರಡು ಅಂಕಪಟ್ಟಿ, ಕಾಲೇಜಿನ ಬೋನಫೈಡ್ (ವ್ಯಾಸಂಗ ಪ್ರಮಾಣಪತ್ರ) ಅಥವಾ ಬೋಧನಾ ಶುಲ್ಕದ ರಸೀದಿ. ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಹೊದಿಕೆ ತೆಗೆದು, ಕಿಟಕಿ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಬಲ್ಬಿನ ಬೆಳಕು ಹೊದಿಕೆಯ ಮೇಲೆ ಬಿದ್ದು, ಬೇಕಾದ ಅಂಕಿಗಳೇ ಬೆಳ್ಳಗಾಗಿ ಹೋಗುತ್ತವೆ.

ಸೈಬರ್ ಸೆಂಟರಿನಲ್ಲಿ ತುಂಬಿಸುವುದಾದರೆ ಪಕ್ಕದಲ್ಲೇ ಕೂತಿರಿ. ಬೇಗ ಮುಗಿಯಲಿ ಎಂದು ಅಂಗಡಿಯವರು ತಮ್ಮದೇ ಮೊಬೈಲ್ ನಂಬರ್ ಹಾಕಿಬಿಡುವುದುಂಟು. ಆಮೇಲೆ ‘ದಾಖಲೆ ಸರಿಯಿಲ್ಲ, ಮತ್ತೆ ಹಾಕಿ’ ಎಂಬ ಸಂದೇಶ ಅವರಿಗೆ ಹೋಗುತ್ತದೆ, ಹುಡುಗಿಗೆ ತಿಳಿಯುವುದೇ ಇಲ್ಲ. ತಂಗಿಯದೇ ನಂಬರ್ ಕೊಡಿ, ಪದವಿ ಮುಗಿಯುವವರೆಗೆ ಆ ಸಿಮ್ ಬದಲಿಸಬೇಡಿ.

ಹತ್ತನೇ ತರಗತಿ ಅನುದಾನಿತ ಶಾಲೆಯದಾಗಿದ್ದರೆ ಕೈಚೆಲ್ಲಬೇಡಿ. ರಿಲಯನ್ಸ್ ಫೌಂಡೇಷನ್ನಿನ ಪದವಿ ವಿದ್ಯಾರ್ಥಿವೇತನಕ್ಕೆ ಸರ್ಕಾರಿ ಶಾಲೆಯ ನಿಯಮವಿಲ್ಲ, ಪಿಯುಸಿಯಲ್ಲಿ ಶೇ. 60 ಅಂಕ, ಕುಟುಂಬದ ವಾರ್ಷಿಕ ಆದಾಯ 15 ಲಕ್ಷದೊಳಗೆ ಇರಬೇಕು, ಬಿ.ಕಾಂ.ನವರೂ ಹಾಕಬಹುದು. ಇಡೀ ಕೋರ್ಸಿಗೆ 2 ಲಕ್ಷದವರೆಗೆ ಕೊಡುತ್ತಾರೆ. ಆದರೆ ಆನ್‌ಲೈನ್ ಆಪ್ಟಿಟ್ಯೂಡ್ ಪರೀಕ್ಷೆ ಕಡ್ಡಾಯ. ಅರ್ಜಿ ಹಾಕಿ ಪರೀಕ್ಷೆ ಬರೆಯದೆ ಬಿಟ್ಟರೆ ಅರ್ಜಿಯೇ ಲೆಕ್ಕಕ್ಕಿಲ್ಲ. ಇಂಥ ಕಂಪನಿ ಯೋಜನೆಗಳ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು, ಹೋದ ವರ್ಷದ ವಿಡಿಯೊ ನೋಡಿ ತುಂಬಬೇಡಿ.

ಪ್ರೇಮ್‌ಜಿ ಅರ್ಜಿಯನ್ನು 2025-26ರಲ್ಲಿ ಸೆಪ್ಟೆಂಬರ್ ಮತ್ತು ಜನವರಿ, ಎರಡು ಸುತ್ತಿನಲ್ಲಿ ಕರೆದಿದ್ದರು. ಬ್ಯಾಂಕ್, ಆಧಾರ್ ಕೆಲಸ ಅರ್ಜಿ ಕರೆಯುವ ಮೊದಲೇ ಮುಗಿದಿರಲಿ.