ಹೊಸೂರಾ, ಅತ್ತಿಬೆಲೆಯಾ? ಬಾಡಿಗೆ ಮನೆ ಹುಡುಕುವವರಿಗೆ ಗಡಿಯಿಂದ ಒಂದು ಉತ್ತರ

ಯಾದಗಿರಿ ಜಿಲ್ಲೆಯ ಸುರಪುರದ ಕಡೆಯಿಂದ ಕೇಳಿದ್ದೀರಿ. ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ನಿಮಗೆ ಕೆಲಸ ಸಿಕ್ಕಿದೆ, ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗಬೇಕು ಅಂತಿದ್ದಾರೆ, ಮಕ್ಕಳಿಬ್ಬರು ಶಾಲೆಗೆ ಹೋಗುವವರು. ಬೆಂಗಳೂರಿನ ಬಾಡಿಗೆ ಕಟ್ಟೋಕೆ ಆಗಲ್ಲ, ಗಡಿ ದಾಟಿ ಹೊಸೂರಿನಲ್ಲಿ ಮನೆ ಮಾಡಿದರೆ ಹೇಗೆ ಅಂತ ನಿಮ್ಮ ಪ್ರಶ್ನೆ.

ನಾನಿರುವುದು ಅತ್ತಿಬೆಲೆ. ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕು. ನಮ್ಮ ಚೆಕ್‌ಪೋಸ್ಟ್ ದಾಟಿದರೆ ಜುಜುವಾಡಿ, ಅಲ್ಲಿಂದ ಹೊಸೂರು, ಅಂದರೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. ನಮಗೆ ಇದು ದೊಡ್ಡ ಗಡಿ ಏನಲ್ಲ. ಈ ಕಡೆಯವರು ಆ ಕಡೆ ಸಂತೆಗೆ ಹೋಗ್ತಾರೆ, ಆ ಕಡೆಯವರು ಈ ಕಡೆ ಕೆಲಸಕ್ಕೆ ಬರ್ತಾರೆ. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಸುತ್ತೆ. ಆದರೆ ಬಾಡಿಗೆ ಮನೆ ಮಾಡುವ ಬಡವರಿಗೆ ಮಾತ್ರ ಈ ಗೆರೆ ಬಹಳ ದೊಡ್ಡದು. ಬಾಡಿಗೆ ಒಂದನ್ನೇ ನೋಡಿದರೆ ಹೊಸೂರೇ ವಾಸಿ ಅನ್ನಿಸಬಹುದು. ಎಲ್ಲ ಖರ್ಚು ಕೂಡಿಸಿದರೆ ನಿಮ್ಮಂಥ ಕುಟುಂಬಕ್ಕೆ ಈ ಕಡೆಯೇ ಸರಿ.

ಯಾಕೆ ಅಂತ ಹೇಳ್ತೀನಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಅತ್ತಿಬೆಲೆ, ಚಂದಾಪುರ, ಆನೇಕಲ್‌ಗಳಿಗೆ ಬಿಎಂಟಿಸಿ ಬಸ್ಸಿದೆ. ನಿಮ್ಮ ಮನೆಯವರು ಅತ್ತಿಬೆಲೆಯಿಂದ ಬೊಮ್ಮಸಂದ್ರಕ್ಕೋ ಹೆಬ್ಬಗೋಡಿಗೋ ಆಧಾರ್ ಕಾರ್ಡ್ ತೋರಿಸಿ ಸುಮ್ನೆ ಹೋಗಿಬರಬಹುದು. ಹೊಸೂರಿನಿಂದ ಬೆಂಗಳೂರು ಕಡೆ ಬರುವ ತಮಿಳುನಾಡಿನ ಬಸ್ಸಿನಲ್ಲೋ ಶೇರ್ ಆಟೋದಲ್ಲೋ ಹೊರಟರೆ ದಿನಾ ದುಡ್ಡು ಕೊಡಬೇಕಾಗುತ್ತೆ. ತಿಂಗಳಿಗೆ ಲೆಕ್ಕ ಹಾಕಿ, ಬಾಡಿಗೆಯಲ್ಲಿ ಉಳಿಸಿದ್ದು ಅಲ್ಲೇ ಹೋಗಿರುತ್ತೆ.

ಇನ್ನು ರೇಷನ್. ನಿಮ್ಮ ಬಿಪಿಎಲ್ ಕಾರ್ಡ್ ಸುರಪುರದ್ದಾದರೂ ಕರ್ನಾಟಕದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳು ಒತ್ತಿ ಅಕ್ಕಿ ತಗೋಬಹುದು. ಗಡಿ ದಾಟಿದರೆ ಕೇಂದ್ರದ ಪಾಲು ಸಿಗುತ್ತೆ, ನಮ್ಮ ರಾಜ್ಯ ಅದರ ಮೇಲೆ ಕೊಡುವುದು ಸಿಗಲ್ಲ. ಕಾರ್ಡನ್ನೇ ತಮಿಳುನಾಡಿಗೆ ಬದಲಿಸಿದಿರೋ, ಗೃಹಲಕ್ಷ್ಮಿಯ 2,000 ರೂಪಾಯಿಯೂ ಹೋಯ್ತು.

ಮಕ್ಕಳ ವಿಷಯ ಎರಡೇ ಮಾತು. ಹೊಸೂರು, ತಳಿ, ಬಾಗಲೂರು ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ, ಇಲ್ಲ ಅಂತಲ್ಲ. ಆದರೆ 2006ರ ಕಾಯ್ದೆಯ ಪ್ರಕಾರ ಅಲ್ಲಿ ಹತ್ತನೇ ತರಗತಿವರೆಗೆ ತಮಿಳು ಕಲಿಯಲೇಬೇಕು. ಐದನೇ ಕ್ಲಾಸಿನ ಮಗು ಅ ಆ ಇಂದ ಶುರು ಮಾಡುವುದು ಕಷ್ಟ.

ಹೊಸೂರಿನ ಪರವಾಗಿಯೂ ಒಂದು ಮಾತು ಹೇಳಲೇಬೇಕು. ತಮಿಳುನಾಡಿನ ಹೊಸ ಬಾಡಿಗೆ ಕಾಯ್ದೆ 2019ರಲ್ಲಿ ಜಾರಿಗೆ ಬಂತು. ಬೇರೆ ಒಪ್ಪಂದ ಇಲ್ಲದಿದ್ದರೆ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೇಳುವ ಹಾಗಿಲ್ಲ ಅಂತ ಅದರಲ್ಲಿದೆ. ನಮ್ಮ ಕಡೆ ಅಂಥ ರಕ್ಷಣೆ ಇಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಯ ಮನೆಗೆ ಅದು ಅನ್ವಯಿಸುವುದೇ ಇಲ್ಲ. ಇವತ್ತು ಬೆಂಗಳೂರಿನಲ್ಲಿ 3,500ಕ್ಕೆ ಮನೆ ಎಲ್ಲಿ ಸಿಗುತ್ತೆ? ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಕಾಯ್ದೆ ಮಾಡಿ, ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅಂದಿತು. ಅದು ರಾಜ್ಯಗಳು ಒಪ್ಪಿದರೆ ಮಾತ್ರ.

ಹಾಗಾಗಿ ನಿಮಗೆ ಇಲ್ಲಿ ನಿಜವಾಗಿ ಅಡ್ಡ ಬರುವುದು ಬಾಡಿಗೆ ಅಲ್ಲ, ಅಡ್ವಾನ್ಸ್. ಬೆಂಗಳೂರಿನ ಹಳೆಯ ರೂಢಿ ಹತ್ತು ತಿಂಗಳದ್ದು. ಬಾಡಿಗೆ 6,000 ಅಂದುಕೊಳ್ಳಿ, ಕೈಯಲ್ಲಿ 60,000 ಇರಬೇಕು. ಊರಿಂದ ಚೀಲ ಹೊತ್ತು ಬಂದವರ ಹತ್ತಿರ ಎಲ್ಲಿರುತ್ತೆ ಅಷ್ಟು? ಬಡ್ಡಿಗೆ ತರುತ್ತಾರೆ. ಆಮೇಲೆ ಬಾಡಿಗೆ ಒಂದು ಕಡೆ, ಬಡ್ಡಿ ಇನ್ನೊಂದು ಕಡೆ. ಮನೆ ಬಿಡುವಾಗ ಬಣ್ಣ ಹೊಡೆಸೋಕೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿ ವಾಡಿಕೆ. ಬ್ರೋಕರ್ ಮೂಲಕ ಹೋದರೆ ಅವನಿಗೂ ಒಂದು ತಿಂಗಳದ್ದು. ನನ್ನ ಸಲಹೆ: ಮೊದಲ ಮಾತಿನಲ್ಲಿ ಬಾಡಿಗೆ ಇಳಿಸೋಕೆ ಹೋಗಬೇಡಿ. ಅಡ್ವಾನ್ಸ್ ಇಳಿಸಿ ಕೇಳಿ. ಅರ್ಧ ಈಗ, ಅರ್ಧ ಮೂರು ತಿಂಗಳಲ್ಲಿ ಅಂದರೆ ಫ್ಯಾಕ್ಟರಿ ಕೆಲಸಗಾರರನ್ನು ನೋಡಿ ಅಭ್ಯಾಸ ಇರುವ ಓನರ್‌ಗಳು ಎಷ್ಟೋ ಜನ ಒಪ್ಪುತ್ತಾರೆ.

ಇನ್ನು ಭೋಗ್ಯ. ಇಲ್ಲಿ ಲೀಸ್ ಅಂತಲೂ ಕರೀತಾರೆ. ಒಂದೇ ಸಲ ಕೆಲವು ಲಕ್ಷ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಪೂರ್ತಿ ದುಡ್ಡು ವಾಪಸ್. ಕೇಳೋಕೆ ಚೆನ್ನಾಗಿದೆ, ಅಲ್ವಾ? ಊರಲ್ಲಿ ಜಮೀನು ಅಡ ಇಟ್ಟು, ಒಡವೆ ಮಾರಿ ಭೋಗ್ಯಕ್ಕೆ ಹಾಕಿದವರನ್ನು ನೋಡಿದ್ದೇನೆ. ನಮ್ಮ ಹಿಂದಿನ ಬೀದಿಯ ಒಂದು ಕುಟುಂಬ ದುಡ್ಡು ಕೊಟ್ಟದ್ದು ಓನರ್‌ಗಲ್ಲ, ನಡುವಿನವನಿಗೆ. ಅವನು ಓನರ್‌ನಿಂದ ಮನೆಯನ್ನು ತಿಂಗಳ ಬಾಡಿಗೆಗೆ ತಗೊಂಡು, ಇವರಿಗೆ ಭೋಗ್ಯಕ್ಕೆ ಕೊಟ್ಟಿದ್ದ. ಸ್ವಲ್ಪ ದಿನ ಬಾಡಿಗೆ ಕಟ್ಟಿದ, ಆಮೇಲೆ ನಾಪತ್ತೆ. ಓನರ್ ಬಂದು ಖಾಲಿ ಮಾಡಿ ಅಂದ. ಈ ಮೋಸ ಬೆಂಗಳೂರಿನ ತುಂಬ ನಡೆಯುತ್ತೆ. ಇನ್ನೊಂದು ಅಪಾಯ, ಮನೆಯ ಮೇಲೆ ಬ್ಯಾಂಕ್ ಸಾಲ ಇರುವುದು. ಓನರ್ ಕಂತು ಕಟ್ಟದಿದ್ದರೆ ಬ್ಯಾಂಕಿನವರು ಬೀಗ ಹಾಕುವುದು ನಿಮ್ಮ ಬಾಗಿಲಿಗೆ. ಭೋಗ್ಯಕ್ಕೆ ಹಾಕಲೇಬೇಕು ಅಂದರೆ ಸರ್ಕಾರದ ನೋಂದಣಿ ವೆಬ್‌ಸೈಟ್ ಕಾವೇರಿ ಆನ್‌ಲೈನ್‌ನಲ್ಲಿ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ ನೋಡಿ, ನೋಂದಣಿಯಾದ ಸಾಲ ಅದರಲ್ಲಿ ಕಾಣುತ್ತೆ. ದುಡ್ಡನ್ನು ಓನರ್ ಖಾತೆಗೇ ಹಾಕಿ. ಒಂದು ವರ್ಷ ಮೀರಿದ ಕರಾರಾದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಲೇಬೇಕು. ಬರೀ ಸ್ಟಾಂಪ್ ಪೇಪರ್ ತೋರಿಸಿ ಸಾಕು ಅಂದರೆ ನಂಬಬೇಡಿ. ನನ್ನನ್ನು ಕೇಳಿದರೆ, ಹೊಸದಾಗಿ ಬಂದವರು ಮೊದಲ ವರ್ಷ ಭೋಗ್ಯದ ತಂಟೆಗೇ ಹೋಗಬಾರದು.

ಎಲ್ಲಿ ಹುಡುಕಬೇಕು? ಹಳದಿ ಮೆಟ್ರೊ 2025ರ ಆಗಸ್ಟ್‌ನಲ್ಲಿ ಆರ್‌ವಿ ರೋಡಿನಿಂದ ಬೊಮ್ಮಸಂದ್ರದವರೆಗೆ ಬಂತು. ಅಲ್ಲಿಂದೀಚೆ ಹೆಬ್ಬಗೋಡಿ, ಬೊಮ್ಮಸಂದ್ರದ ಓನರ್‌ಗಳು ಮೆಟ್ರೊ ಹೆಸರು ಹೇಳಿಯೇ ಬಾಡಿಗೆ ಮಾತಾಡುತ್ತಾರೆ. ನಿಮಗೆ ಮೆಟ್ರೊ ಬೇಕಾಗಿಲ್ಲ. ಹೈವೇ ಬಿಟ್ಟು ಒಳಗೆ ಹೋಗಿ. ನೆರಳೂರು, ಯಡವನಹಳ್ಳಿ, ಮರಸೂರು, ಮಾಯಸಂದ್ರ, ಬಿದರಗುಪ್ಪೆ. ಇವು ಹಳ್ಳಿಗಳೇ. ಜಮೀನು ಮಾರಿದವರು, ಉಳಿಸಿಕೊಂಡವರು ಇಬ್ಬರೂ ಸಾಲಾಗಿ ಒಂದೊಂದು ರೂಮಿನ ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದಾರೆ. ಆನ್‌ಲೈನ್‌ನಲ್ಲಿ ಈ ಮನೆಗಳು ಸಿಗಲ್ಲ. ಗೇಟಿಗೆ ನೇತುಹಾಕಿದ ಟು ಲೆಟ್ ಬೋರ್ಡ್, ಟೀ ಅಂಗಡಿ, ರೇಷನ್ ಅಂಗಡಿ, ಶಿಫ್ಟ್ ಬಿಡುವ ಹೊತ್ತಿಗೆ ಫ್ಯಾಕ್ಟರಿ ಗೇಟು, ಅಲ್ಲಿ ಕೇಳಬೇಕು. ಮನೆ ಖಾಲಿ ಮಾಡುವವರು ತಿಂಗಳ ಮೊದಲಲ್ಲೇ ಹೇಳಿರುತ್ತಾರೆ, ಹತ್ತನೇ ತಾರೀಖಿನೊಳಗೆ ಓಡಾಡಿದರೆ ಆಯ್ಕೆ ಜಾಸ್ತಿ.

ಕಮ್ಮಿ ಬಾಡಿಗೆ ಅಂದರೆ ಸಾಮಾನ್ಯವಾಗಿ ಶೀಟ್ ಮನೆ, ಅಂದರೆ ತಗಡೋ ಸಿಮೆಂಟ್ ಶೀಟೋ ಹೊದಿಸಿದ್ದು. ಅದನ್ನು ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿ. ಮಾರ್ಚ್, ಏಪ್ರಿಲ್‌ನಲ್ಲಿ ಒಳಗೆ ಕೂರೋಕಾಗಲ್ಲ, ಮಳೆ ಬಂದರೆ ಮಾತು ಕೇಳಿಸಲ್ಲ. ನೈಟ್ ಶಿಫ್ಟ್ ಮಾಡಿ ಹಗಲು ಮಲಗುವವರಿಗೆ ಶೀಟ್ ಮನೆ ಬೇಡವೇ ಬೇಡ, ಸಾವಿರ ರೂಪಾಯಿ ಜಾಸ್ತಿ ಆದರೂ ಆರ್‌ಸಿಸಿ, ಅಂದರೆ ಕಾಂಕ್ರೀಟ್ ತಾರಸಿ ಮನೆ ನೋಡಿ.

ನೀರು ಕೇಳಿ. ನಮ್ಮ ಕಡೆ ಬೋರ್‌ವೆಲ್ ಮತ್ತು ಟ್ಯಾಂಕರ್. 2024ರ ಬೇಸಿಗೆಯಲ್ಲಿ ಬೆಂಗಳೂರಿಗೇ ನೀರಿಲ್ಲದೆ ಹೋಯ್ತು, ಹೊರವಲಯದ ಗತಿ ಕೇಳಬೇಡಿ. ದಿನಕ್ಕೆ ಎಷ್ಟು ಹೊತ್ತು ಬಿಡ್ತಾರೆ, ಟ್ಯಾಂಕರ್ ದುಡ್ಡು ಹಂಚಬೇಕಾ, ಇದನ್ನು ಓನರ್‌ಗಿಂತ ಪಕ್ಕದ ಮನೆಯ ಅಕ್ಕನ ಹತ್ತಿರ ಕೇಳುವುದು ಒಳ್ಳೆಯದು.

ಆಮೇಲೆ ಮೀಟರ್. ಗೃಹಜ್ಯೋತಿಯಲ್ಲಿ ಬಾಡಿಗೆದಾರರಿಗೂ ಮನೆಗೆ ಗೊತ್ತುಮಾಡಿದ ಮಿತಿಯವರೆಗೆ ಕರೆಂಟ್ ಉಚಿತ, ಆ ಮಿತಿ ತಿಂಗಳಿಗೆ 200 ಯೂನಿಟ್ ದಾಟುವುದಿಲ್ಲ. ಆದರೆ ಮನೆಗೆ ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ಇರಬೇಕು. ಐದು ರೂಮಿಗೆ ಒಂದೇ ಮೀಟರ್ ಇಟ್ಟು, ಒಳಗೆ ಸಬ್ ಮೀಟರ್ ಹಾಕಿ ಓನರ್ ತನಗೆ ತೋಚಿದ ದರದಲ್ಲಿ ವಸೂಲಿ ಮಾಡುವ ಕಡೆ ನಿಮಗೆ ಆ ಲಾಭ ಸಿಗಲ್ಲ. ಹಿಂದಿನ ಬಾಡಿಗೆದಾರ ತನ್ನ ಆಧಾರ್ ಅನ್ನು ಆ ನಂಬರಿನಿಂದ ಡಿ-ಲಿಂಕ್ ಮಾಡಿಸಿ ಬಿಡಿಸಿಕೊಂಡಿದ್ದಾನಾ ಅಂತಲೂ ವಿಚಾರಿಸಿ.

ಓನರ್ ಮೊದಲು ಕೇಳುವುದು "ಎಷ್ಟು ಜನ ಇರ್ತೀರಾ?" ಎರಡನೆಯದು "ನೀವು ಯಾವ ಜನ?" ಅಂದರೆ ಜಾತಿ. ಮಾಂಸ ತಿಂತೀರಾ ಅಂತ ಕೇಳಿ ಬಾಗಿಲು ಹಾಕುವವರೂ ಇದ್ದಾರೆ. ಎಂಥ ತಾಲ್ಲೂಕಪ್ಪಾ ಇದು ಅಂತ ನಿಮಗೆ ಬೇಜಾರಾಗಬಹುದು. ನನಗೂ ನಾಚಿಕೆ ಆಗುತ್ತೆ. ಸುಳ್ಳು ಹೇಳಿ ಒಳಗೆ ಸೇರಿದವರು ಆಮೇಲೆ ದಿನಾ ಹೆದರಿಕೊಂಡು ಬದುಕೋದನ್ನು ನೋಡಿದ್ದೇನೆ, ಅದು ಬೇಡ. ಬೊಮ್ಮಸಂದ್ರ, ಜಿಗಣಿ ಸುತ್ತ ನಿಮ್ಮ ಯಾದಗಿರಿ, ರಾಯಚೂರು ಕಡೆಯವರೇ ತುಂಬ ಇದ್ದಾರೆ. ಅವರು ಇರುವ ವಠಾರದಲ್ಲಿ ಈ ಪ್ರಶ್ನೆ ಏಳುವುದಿಲ್ಲ.

ಕರಾರು 11 ತಿಂಗಳದ್ದು ಮಾಡಿಸಿ, ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ಹಿಡಿಯುತ್ತಾರೆ ಎರಡನ್ನೂ ಬರೆಸಿ. ಬಾಡಿಗೆ ಫೋನ್‌ಪೇಯಲ್ಲೋ ಗೂಗಲ್‌ಪೇಯಲ್ಲೋ ಕೊಡಿ, ಕೈಯಲ್ಲಿ ಕೊಟ್ಟದ್ದಕ್ಕೆ ಸಾಕ್ಷಿ ಇರಲ್ಲ.

ಯಾವಾಗ ಬರಬೇಕು ಅಂತಲೂ ಕೇಳಿದ್ದೀರಿ. ಶಾಲೆ ಶುರುವಾಗುವ ಮೇ, ಜೂನ್‌ನಲ್ಲಿ ಮನೆಗೆ ನೂಕುನುಗ್ಗಲು. ಆಷಾಢದಲ್ಲಿ ಇಲ್ಲಿ ಯಾರೂ ಹೊಸ ಮನೆಯಲ್ಲಿ ಹಾಲು ಉಕ್ಕಿಸಲ್ಲ, ಖಾಲಿ ಬಿದ್ದ ಮನೆಯ ಓನರ್ ಮಾತಿಗೆ ಸಿಗುತ್ತಾನೆ. ಆಷಾಢ ನಿಮಗೆ ಅಡ್ಡಿಯಿಲ್ಲ ಅಂದರೆ ಆಗಲೇ ಅಡ್ವಾನ್ಸ್ ಮಾತಾಡಿ. ಅಡ್ಡಿ ಇದ್ದರೆ ಟೋಕನ್ ಕೊಟ್ಟು ಬೀಗದ ಕೈ ತಗೊಂಡು, ಶ್ರಾವಣದಲ್ಲಿ ಸಾಮಾನು ತನ್ನಿ. ಮಕ್ಕಳ ಟಿಸಿ ಮಾತ್ರ ಊರು ಬಿಡುವ ಮೊದಲೇ ತೆಗೆಸಿಕೊಳ್ಳಿ, ಅದೊಂದಕ್ಕೆ ಮತ್ತೆ ಸುರಪುರಕ್ಕೆ ಓಡುವುದು ತಪ್ಪುತ್ತೆ.