ಓದುಗರ ಪ್ರಶ್ನೆ: ಹಿತ್ತಲಿಗೆ ಮೊದಲು ಎಷ್ಟು ಕೋಳಿ ತರಬೇಕು?

ಪ್ರಶ್ನೆ: ನಮ್ಮ ಮನೆಯ ಹಿಂದೆ 12 ಅಡಿ ಉದ್ದ, 10 ಅಡಿ ಅಗಲದ ಖಾಲಿ ಜಾಗವಿದೆ. ಮನೆಯಲ್ಲಿ ನಾಲ್ಕು ಜನರಿದ್ದೇವೆ. ವಾರಕ್ಕೆ ಸುಮಾರು 18 ಮೊಟ್ಟೆ ಖರ್ಚಾಗುತ್ತವೆ. ಕೋಳಿ ಸಾಕಿದ ಅನುಭವ ನಮ್ಮಲ್ಲಿ ಯಾರಿಗೂ ಇಲ್ಲ. ‘ಹೇಗೂ ಗೂಡು ಕಟ್ಟುತ್ತೀರಿ, ಹತ್ತು ಕೋಳಿ ತಂದುಬಿಡಿ, ಎರಡಕ್ಕಾದರೂ ಹತ್ತಕ್ಕಾದರೂ ಕೆಲಸ ಒಂದೇ’ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ‘ಎರಡು ಸಾಕು, ಹೆಚ್ಚಿನದು ಬೇಡ’ ಎಂಬುದು ನಮ್ಮ ತಾಯಿಯವರ ಮಾತು. ಯಾರ ಮಾತನ್ನು ಕೇಳಬೇಕು? ಗೂಡು ಎಷ್ಟು ದೊಡ್ಡದಿರಬೇಕು? ಮರಿಗಳನ್ನು ತರುವುದು ಒಳ್ಳೆಯದೋ, ಬೆಳೆದ ಕೋಳಿಗಳನ್ನೋ?

ಉತ್ತರ: ನಾಲ್ಕು ಹೇಂಟೆಗಳಿಂದ ಆರಂಭಿಸಿ, ಗೂಡನ್ನು ಮಾತ್ರ ಆರಕ್ಕೆ ಸಾಲುವಂತೆ ಕಟ್ಟಿಸಿ. ಇಷ್ಟನ್ನೇ ಓದಿ ತಾವು ಪುಟ ಮಗುಚಿದರೂ ಕೆಲಸ ನಡೆದೀತು. ಆದರೆ ಇರಬೇಕಾದ ಕೋಳಿಗಿಂತ ಎರಡು ಕೋಳಿಯ ಜಾಗವನ್ನು ಹೆಚ್ಚಾಗಿ ಏಕೆ ಬಿಡಬೇಕು ಎಂಬುದರಲ್ಲಿಯೇ ತಮ್ಮ ಪ್ರಶ್ನೆಯ ಮುಖ್ಯ ಅಂಶವಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ತಾಯಿಯವರು ಹೇಳುವ ಎರಡು ಎಂಬ ಲೆಕ್ಕ ಕೋಳಿ ತಂದ ದಿನಕ್ಕೆ ಸರಿ, ಒಂದು ಕೋಳಿ ಸತ್ತ ದಿನಕ್ಕೆ ಸರಿಯಲ್ಲ. ಕೋಳಿ ಗುಂಪಿನಲ್ಲಿ ಬದುಕುವ ಪ್ರಾಣಿ. ಕೆದಕಿ ಮೇಯುವುದು, ಮಣ್ಣಿನಲ್ಲಿ ಹೊರಳಾಡುವುದು, ರಾತ್ರಿ ಮೈಗೆ ಮೈ ತಾಗಿಸಿ ಕೂರುವುದು ಇವೆಲ್ಲವನ್ನೂ ಅದು ಜೊತೆಯಲ್ಲಿಯೇ ಮಾಡುತ್ತದೆ. ನಾನು ಸಾಕಲು ತೊಡಗಿದ್ದೂ ಎರಡರಿಂದಲೇ. ಕೆಲವು ತಿಂಗಳ ಮೇಲೆ ನಾಯಿಯೊಂದು ಬೇಲಿ ನುಸುಳಿ ಬಂದು ಒಂದನ್ನು ಕೊಂದಿತು. ಉಳಿದದ್ದು ಎರಡು ದಿನ ಗೂಡಿನ ಮೂಲೆಯನ್ನು ಬಿಟ್ಟು ಕದಲಲಿಲ್ಲ, ಮೊಟ್ಟೆ ಇಡುವುದನ್ನೂ ನಿಲ್ಲಿಸಿತು. ಪಾಪ, ಜೊತೆಯಿಲ್ಲದೆ ಹೀಗಾಗಿದೆ ಎಂದು ನಾನು ಇನ್ನೊಂದು ಕೋಳಿಯನ್ನು ತಂದು ಒಳಗೆ ಬಿಟ್ಟರೆ, ಈ ‘ಪಾಪದ’ ಕೋಳಿ ಒಂದೇ ಮಧ್ಯಾಹ್ನದೊಳಗೆ ಹೊಸದರ ತಲೆಯನ್ನು ರಕ್ತ ಬರುವಂತೆ ಕುಕ್ಕಿಬಿಟ್ಟಿತು.

ಅದರಲ್ಲಿ ದುಷ್ಟತನವೇನೂ ಇರಲಿಲ್ಲ. ಕೋಳಿಗಳ ಗುಂಪಿನಲ್ಲಿ ಯಾವುದು ಯಾವುದನ್ನು ಕುಕ್ಕಬಹುದು, ಯಾವುದು ಯಾರಿಗೆ ದಾರಿ ಬಿಡಬೇಕು ಎಂಬ ಮೇಲು-ಕೆಳಗಿನ ಕ್ರಮವೊಂದಿರುತ್ತದೆ. ನಾರ್ವೆಯ ಪ್ರಾಣಿವಿಜ್ಞಾನಿ ಥಾರ್ಲೀಫ್ ಶೆಲ್ಡೆರುಪ್-ಎಬ್ಬೆ ಅವರು 1921ರಲ್ಲಿಯೇ ಇದನ್ನು ಅಧ್ಯಯನ ಮಾಡಿ ವಿವರಿಸಿದ್ದಾರೆ. ಹೊಸ ಕೋಳಿ ಬಂದಾಗ ಆ ಕ್ರಮ ಮತ್ತೆ ಮೊದಲಿನಿಂದ ತೀರ್ಮಾನವಾಗಬೇಕು. ಗುಂಪಿನಲ್ಲಿ ನಾಲ್ಕೈದು ಇದ್ದರೆ ಪೆಟ್ಟು ಹಂಚಿಹೋಗುತ್ತದೆ. ಎರಡೇ ಇದ್ದರೆ ಅಷ್ಟೂ ಒಂದರ ಮೇಲೆಯೇ ಬೀಳುತ್ತದೆ. ಮೂರು ಕೋಳಿ ಎಂಬುದು ಕನಿಷ್ಠ ಸಂಖ್ಯೆ. ನಾಲ್ಕಿದ್ದರೆ ಒಂದು ಹೋದರೂ ಗುಂಪು ಗುಂಪಾಗಿಯೇ ಉಳಿಯುತ್ತದೆ, ಮುಂದೇನು ಮಾಡಬೇಕೆಂದು ಯೋಚಿಸಲು ತಮಗೂ ಕಾಲಾವಕಾಶ ಸಿಗುತ್ತದೆ.

ಇನ್ನು ಗೆಳೆಯರ ಮಾತು. ಬೆಳಿಗ್ಗೆ ಗೂಡಿನ ಬಾಗಿಲು ತೆರೆದು ನೀರು ತುಂಬುವ ಕೆಲಸ ಎರಡಕ್ಕೂ ಹತ್ತಕ್ಕೂ ಒಂದೇ ಎಂಬುದು ನಿಜ. ಆದರೆ ಹಿಕ್ಕೆ ಬಾಚುವ ಕೆಲಸ ಒಂದೇ ಅಲ್ಲ. ದೊಡ್ಡ ಹೇಂಟೆಯೊಂದು ದಿನಕ್ಕೆ 100 ಗ್ರಾಂಗಿಂತ ಕಡಿಮೆಯಿಲ್ಲದಷ್ಟು ಹಸಿ ಹಿಕ್ಕೆ ಹಾಕುತ್ತದೆ. ನಾಲ್ಕು ಕೋಳಿಗಳದ್ದು ಅರ್ಧ ಕಿಲೋಗೆ ಹತ್ತಿರ, ಹತ್ತು ಕೋಳಿಗಳದ್ದು ಕಿಲೋಗೆ ಮೇಲೆ. ತಿಂಗಳಿಗೆ 30 ಕಿಲೋ ದಾಟುವ ಈ ರಾಶಿಯನ್ನು ಒಣ ಹೊಟ್ಟಿನೊಂದಿಗೆ ಬೆರೆಸಿ ಗೊಬ್ಬರವಾಗಲು ಬಿಡುವುದಕ್ಕೂ ತಮ್ಮ 120 ಚದರ ಅಡಿಯಲ್ಲಿಯೇ ಒಂದು ಮೂಲೆ ಬೇಕು. ಒಂದು ವಾರ ಅಲಕ್ಷ್ಯ ಮಾಡಿದರೆ ಮೊದಲು ಅಮೋನಿಯದ ಘಾಟು, ಆಮೇಲೆ ನೊಣ, ಆಮೇಲೆ ಪಕ್ಕದ ಮನೆಯವರು, ಈ ಕ್ರಮದಲ್ಲಿ ತೊಂದರೆ ಬರುತ್ತದೆ. ಆಹಾರದ ಲೆಕ್ಕವೂ ಹಾಗೆಯೇ: ಒಂದಕ್ಕೆ ದಿನಕ್ಕೆ 110 ಗ್ರಾಂ ಎಂದರೂ ನಾಲ್ಕಕ್ಕೆ ತಿಂಗಳಿಗೆ 13 ಕಿಲೋ, ಹತ್ತಕ್ಕೆ 33 ಕಿಲೋ. ಹತ್ತು ಕೋಳಿ ಚೆನ್ನಾಗಿ ಇಡುವ ಕಾಲದಲ್ಲಿ ವಾರಕ್ಕೆ 50 ಮೊಟ್ಟೆ ಬರುತ್ತವೆ, ತಮಗೆ ಬೇಕಾದದ್ದು 18. ಉಳಿದವನ್ನು ಏನು ಮಾಡುವಿರಿ ಎಂಬುದಕ್ಕೆ ಗೆಳೆಯರ ಬಳಿ ಉತ್ತರವಿದ್ದಂತೆ ಕಾಣುವುದಿಲ್ಲ.

ಮೊಟ್ಟೆಯ ಲೆಕ್ಕವನ್ನು ದಿನಕ್ಕೊಂದರಂತೆ ಹಾಕುವುದು ಹೊಸಬರೆಲ್ಲರೂ ಮಾಡುವ ತಪ್ಪು. ಕೋಳಿಯ ದೇಹದೊಳಗೆ ಒಂದು ಮೊಟ್ಟೆ ಸಿದ್ಧವಾಗಲು 24ರಿಂದ 26 ಗಂಟೆ ಹಿಡಿಯುವುದರಿಂದ ಇಡುವ ಹೊತ್ತು ದಿನವೂ ಸ್ವಲ್ಪ ತಡವಾಗುತ್ತಾ ಹೋಗುತ್ತದೆ. ಅದು ಸಂಜೆಯ ಸಮೀಪಕ್ಕೆ ಬಂದಾಗ ಕೋಳಿ ಒಂದು ದಿನ ಬಿಟ್ಟು ಮತ್ತೆ ಬೆಳಿಗ್ಗೆಯಿಂದ ಆರಂಭಿಸುತ್ತದೆ. ಮೊಟ್ಟೆಗೆಂದೇ ಬೆಳೆಸಿದ ಮಿಶ್ರತಳಿಯ ಕೋಳಿಯಿಂದ ಮೊದಲ ವರ್ಷದಲ್ಲಿ ವಾರಕ್ಕೆ ಐದನ್ನು ನಿರೀಕ್ಷಿಸಬಹುದು. ನಾಲ್ಕರಿಂದ 20 ಬಂದರೆ ತಮ್ಮ ಮನೆಗೆ ಸಾಕು, ಎರಡು ಮಿಗುತ್ತವೆ. ಆದರೆ ಹಳೆಯ ನಾಟಿ ತಳಿಯ ಹೇಂಟೆ ಒಂದಷ್ಟು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತದೆ. ವರ್ಷವಿಡೀ ಸೇರಿ 60ರಿಂದ 80 ಕೊಟ್ಟರೆ ದೊಡ್ಡದು. ವಾರಕ್ಕೆ 18 ಎಂದರೆ ವರ್ಷಕ್ಕೆ 936 ಆಗುವುದರಿಂದ ಅಂತಹ ಕೋಳಿಗಳು 12ರಿಂದ 16 ಬೇಕಾಗುತ್ತವೆ, ಅಷ್ಟಕ್ಕೆ ತಮ್ಮಲ್ಲಿ ಜಾಗವಿಲ್ಲ. ನಾಟಿ ತಳಿಯ ಗಟ್ಟಿತನ ತಮಗೆ ಇಷ್ಟವಾದರೆ ಮೊಟ್ಟೆಯ ನಿರೀಕ್ಷೆಯನ್ನು ಇಳಿಸಿಕೊಳ್ಳಿ, ಕೋಳಿಯ ಸಂಖ್ಯೆಯನ್ನು ಏರಿಸಬೇಡಿ.

ಈಗ ಖಾಲಿ ಬಿಡುವ ಆ ಎರಡು ಜಾಗಗಳ ವಿಷಯ. ಒಂದೇ ವಯಸ್ಸಿನ ನಾಲ್ಕು ಕೋಳಿಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮೊಟ್ಟೆ ಇಡಲು ತೊಡಗುತ್ತವೆ, ಒಂದೇ ಕಾಲಕ್ಕೆ ನಿಲ್ಲಿಸುತ್ತವೆ. ವರ್ಷಕ್ಕೊಮ್ಮೆ ಕೋಳಿ ಹಳೆಯ ಗರಿಗಳನ್ನು ಉದುರಿಸಿ ಹೊಸದನ್ನು ಬೆಳೆಸಿಕೊಳ್ಳುತ್ತದೆ. ಗರಿಯ ಬಹುಪಾಲು ಪ್ರೋಟೀನೇ ಆಗಿರುವುದರಿಂದ ಆ ಎರಡು ಮೂರು ತಿಂಗಳು ಮೊಟ್ಟೆಗೆಂದು ಅದರಲ್ಲಿ ಏನೂ ಉಳಿದಿರುವುದಿಲ್ಲ. ಹಗಲು ಕಡಿಮೆಯಾಗುವ ಕಾಲದಲ್ಲಿಯೂ ಇಳುವರಿ ಇಳಿಯುತ್ತದೆ, ಏಕೆಂದರೆ ಸರಾಗವಾಗಿ ಇಡಲು ಅದಕ್ಕೆ ದಿನಕ್ಕೆ 14ರಿಂದ 16 ಗಂಟೆಗಳ ಬೆಳಕು ಬೇಕು. ಅಲ್ಲದೆ ಎರಡನೆಯ ವರ್ಷದಿಂದ ವರ್ಷವರ್ಷಕ್ಕೂ ಮೊಟ್ಟೆ ಕಡಿಮೆಯಾಗುತ್ತಾ ಹೋಗುತ್ತದೆ, ಕೋಳಿ ಮಾತ್ರ ಚೆನ್ನಾಗಿ ನೋಡಿಕೊಂಡರೆ ಐದರಿಂದ ಎಂಟು ವರ್ಷ ಬದುಕುತ್ತದೆ. ಮೊದಲ ದಿನವೇ ಗೂಡನ್ನು ತುಂಬಿಸಿಟ್ಟವರು ಈ ಹಂತದಲ್ಲಿ ಸಿಕ್ಕಿಕೊಳ್ಳುತ್ತಾರೆ: ಹಳೆಯವನ್ನು ಕಳುಹಿಸಲು ಮನಸ್ಸಿಲ್ಲ, ಹೊಸದಕ್ಕೆ ಜಾಗವಿಲ್ಲ. ತಾವು ಎರಡನೆಯ ವರ್ಷದಲ್ಲಿ ಎರಡು ಎಳೆಯ ಹೇಂಟೆಗಳನ್ನು ಸೇರಿಸಿದರೆ ಹಳೆಯವು ಗರಿ ಉದುರಿಸುವಾಗಲೂ ಮನೆಗೆ ವಾರಕ್ಕೆ ಹತ್ತು ಮೊಟ್ಟೆಯಾದರೂ ಸಿಗುತ್ತವೆ. ಮೊಟ್ಟೆ ಇಡದ ಮುದಿ ಕೋಳಿಯನ್ನು ಕೊನೆಯವರೆಗೂ ಸಾಕುವುದೇ, ಬೇರೆಯವರಿಗೆ ಕೊಡುವುದೇ, ಅಡುಗೆಗೆ ಬಳಸುವುದೇ ಎಂಬುದನ್ನು ಮನೆಯವರೆಲ್ಲರೂ ಕೂತು ಈಗಲೇ ಮಾತಾಡಿಕೊಳ್ಳಿ. ಮಕ್ಕಳು ಅವಕ್ಕೆ ಹೆಸರಿಟ್ಟ ಮೇಲೆ ಆ ಮಾತು ಬಹಳ ಕಷ್ಟವಾಗುತ್ತದೆ.

ಗೂಡಿನ ಅಳತೆ ಸುಲಭ. ರಾತ್ರಿ ಕೂರುವ ಗೂಡಿನಲ್ಲಿ ಒಂದಕ್ಕೆ 4 ಚದರ ಅಡಿಯಂತೆ ಆರಕ್ಕೆ 24, ಅಂದರೆ 6 ಅಡಿ ಉದ್ದ, 4 ಅಡಿ ಅಗಲ. ಉಳಿಯುವ 96 ಚದರ ಅಡಿಗೆ ಬಲೆ ಹಾಕಿಸಿದರೆ ಓಡಾಟಕ್ಕೆ ಆರು ಕೋಳಿಗಳಿಗೆ ತಲಾ 16 ಚದರ ಅಡಿ, ನಾಲ್ಕಕ್ಕಾದರೆ ತಲಾ 24 ಸಿಗುತ್ತದೆ. ಹತ್ತು ತಂದರೆ ಗೂಡೇ 40 ತಿಂದು ತಲಾ 8 ಮಾತ್ರ ಉಳಿಯುತ್ತದೆ. ಹೊರಗೆ ಬಿಡದ ಕೋಳಿಗೆ 10ಕ್ಕಿಂತ ಕಡಿಮೆಯಾಗಬಾರದು. ಕೂರುವ ಅಡ್ಡಗೋಲು ಒಂದಕ್ಕೆ 9 ಅಂಗುಲದಂತೆ ನಾಲ್ಕೂವರೆ ಅಡಿ ಸಾಕು. ಮೊಟ್ಟೆ ಇಡಲು ಒಂದಡಿ ಅಳತೆಯ ಎರಡು ಪೆಟ್ಟಿಗೆಗಳನ್ನು ಇಡಿ. ಎಲ್ಲವೂ ಒಂದರ ಮುಂದೆಯೇ ಸರದಿ ನಿಂತರೆ ಆಶ್ಚರ್ಯಪಡಬೇಡಿ.

ಮರಿಗಳ ಬಗ್ಗೆ: ಮೊದಲ ಸಲಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ. ಗಂಡು-ಹೆಣ್ಣು ಬೇರ್ಪಡಿಸದ ಮರಿಗಳಲ್ಲಿ ಸುಮಾರು ಅರ್ಧ ಹುಂಜಗಳು. ಎಂಟು ತಂದರೆ ನಾಲ್ಕು ಹೇಂಟೆ ಖಂಡಿತ ಎಂದುಕೊಳ್ಳುತ್ತೇವೆ, ಆದರೆ ಲೆಕ್ಕ ಹಾಕಿದರೆ ಎಂಟರಲ್ಲಿ ನಾಲ್ಕಾದರೂ ಹೇಂಟೆಯಾಗುವ ಸಾಧ್ಯತೆ ಶೇ. 64 ಮಾತ್ರ, ಹತ್ತು ತಂದರೂ ಶೇ. 83ಕ್ಕೆ ನಿಲ್ಲುತ್ತದೆ. ಮಿಕ್ಕ ಹುಂಜಗಳನ್ನು ಏನು ಮಾಡಬೇಕೆಂಬ ಚಿಂತೆ ಬೇರೆ. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಬಿಸಿ ಕೊಟ್ಟು, ವಾರವಾರಕ್ಕೂ ಸುಮಾರು 3 ಡಿಗ್ರಿ ಇಳಿಸುತ್ತಾ ಬರಬೇಕು. ಮೊಟ್ಟೆ ಕಾಣಲು ಐದು ತಿಂಗಳಾದರೂ ಕಾಯಬೇಕು. ಆದ್ದರಿಂದ 16ರಿಂದ 18 ವಾರ ವಯಸ್ಸಿನ, ಒಟ್ಟಿಗೇ ಬೆಳೆದ ನಾಲ್ಕು ಹೇಂಟೆಗಳನ್ನು ಒಂದೇ ಕಡೆಯಿಂದ ಒಂದೇ ದಿನ ತನ್ನಿ. ಅವುಗಳ ನಡುವಿನ ಮೇಲು-ಕೆಳಗು ಆಗಲೇ ತೀರ್ಮಾನವಾಗಿರುತ್ತದೆ. ಕೋಳಿಗಳಿಗೆ ಬರುವ ಮಾರಕ ಅಂಟುರೋಗವಾದ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸಿದವನ್ನೇ ಕೇಳಿ ಪಡೆಯಿರಿ. ಆ ಲಸಿಕೆ ಸಾಮಾನ್ಯವಾಗಿ ನೂರಾರು ಕೋಳಿಗಳಿಗೆ ಸಾಲುವ ಸೀಸೆಗಳಲ್ಲಿ ಬರುತ್ತದೆ, ಕಲಸಿದ ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕು. ನಾಲ್ಕು ಕೋಳಿಗೆಂದು ಅದನ್ನು ಮನೆಯಲ್ಲಿ ತೆರೆಯುವುದು ಕಷ್ಟದ ಕೆಲಸ.

ಪ್ರಶ್ನೆ: ನಾಲ್ಕು ಹೇಂಟೆಗಳಿಗೆ ಒಂದು ಹುಂಜ ಬೇಡವೇ? ಹುಂಜವಿಲ್ಲದೆ ಮೊಟ್ಟೆ ಇಡುತ್ತವೆಯೇ?

ಉತ್ತರ: ಇಡುತ್ತವೆ. ಮರಿ ಬೇಕಾದವರಿಗೆ ಮಾತ್ರ ಹುಂಜ ಬೇಕು. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆಗಳಿರಬೇಕಾದಲ್ಲಿ ನಾಲ್ಕೇ ಇದ್ದರೆ ಅವುಗಳ ಬೆನ್ನಿನ ಗರಿಯೆಲ್ಲ ಕಿತ್ತುಹೋಗಿ ಗಾಯವಾಗುತ್ತದೆ.

ಪ್ರಶ್ನೆ: ನಮ್ಮಲ್ಲಿದ್ದ ನಾಲ್ಕರಲ್ಲಿ ಒಂದು ಸತ್ತಿದೆ. ಅದರ ಬದಲು ಒಂದನ್ನು ತರಬಹುದೇ?

ಉತ್ತರ: ಒಂದನ್ನು ತರಬೇಡಿ, ಎರಡು ತನ್ನಿ; ಆಗ ಕುಕ್ಕಿಸಿಕೊಳ್ಳುವ ಪಾಲು ಎರಡಕ್ಕೆ ಹಂಚಿಹೋಗುತ್ತದೆ, ಅವೆರಡು ಒಂದಕ್ಕೊಂದು ಜೊತೆಯಾಗಿಯೂ ಇರುತ್ತವೆ. ಅದಕ್ಕೂ ಮೊದಲು ಹಳೆಯದು ಹೇಗೆ ಸತ್ತಿತೆಂಬುದು ತಮಗೆ ತಿಳಿದಿರಬೇಕು. ರೋಗದಿಂದ ಸತ್ತಿದ್ದರೆ ಪಶುವೈದ್ಯರಿಗೆ ತೋರಿಸದೆ ಹೊಸದನ್ನು ತರುವುದು ಸರಿಯಲ್ಲ. ತಂದ ಕೋಳಿಗಳನ್ನು ಎರಡರಿಂದ ನಾಲ್ಕು ವಾರ ದೂರದಲ್ಲಿ ಬೇರೆಯಾಗಿಯೇ ಇಟ್ಟು, ಹಳೆಯ ಕೋಳಿಗಳ ಕೆಲಸವನ್ನು ಮುಗಿಸಿದ ಮೇಲೆಯೇ ಅವುಗಳ ಹತ್ತಿರ ಹೋಗಿ. ಆಮೇಲೆ ಒಂದು ವಾರ ನಡುವೆ ಬಲೆಯಿಟ್ಟು ಪರಸ್ಪರ ನೋಡಿಕೊಳ್ಳಲು ಬಿಟ್ಟು, ಕತ್ತಲಾದ ಮೇಲೆ ಅಡ್ಡಗೋಲಿನ ಮೇಲೆ ಹಳೆಯವುಗಳ ಪಕ್ಕ ಕೂರಿಸಿ. ಆಹಾರವನ್ನೂ ನೀರನ್ನೂ ಎರಡು ಕಡೆ ಇಡಿ, ಇಲ್ಲದಿದ್ದರೆ ಮೇಲಿನ ಕೋಳಿ ಒಂದೇ ತಟ್ಟೆಯನ್ನು ಕಾಯುತ್ತಾ ನಿಂತುಬಿಡುತ್ತದೆ. ಮೊದಲ ಕೆಲವು ದಿನ ಕುಕ್ಕಾಟ ಇದ್ದೇ ಇರುತ್ತದೆ. ರಕ್ತ ಕಂಡರೆ ಮಾತ್ರ ಕೂಡಲೇ ಬೇರ್ಪಡಿಸಿ, ಏಕೆಂದರೆ ಕೆಂಪು ಕಂಡ ಜಾಗವನ್ನೇ ಉಳಿದವು ಮತ್ತೆ ಮತ್ತೆ ಕುಕ್ಕುತ್ತವೆ.