ಮಗಳು ಚೆನ್ನಾಗಿದ್ದಾಳೆ, ಗಂಡುಮಕ್ಕಳ ಹೃದಯ ಮಾತ್ರ ಯಾಕೆ ಸೋಲುತ್ತದೆ?

ಹೆಸರು ಹಾಕಬೇಡಿ ಎಂದು ಬರೆದ ಸೋದರಿಗೆ,

ನಿಮ್ಮಕ್ಕನ ಮೊದಲ ಮಗ ವರ್ಷ ತುಂಬುವ ಮೊದಲೇ ಹೃದಯದ ತೊಂದರೆಯಿಂದ ತೀರಿಕೊಂಡ, ಈಗ ಕಿರಿಯವನಿಗೂ ಬಾರ್ತ್ ಸಿಂಡ್ರೋಮ್ ಎಂದಿದ್ದಾರೆ, ನಡುವಿನ ಮಗಳು ಮಾತ್ರ ಗಟ್ಟಿಮುಟ್ಟಾಗಿದ್ದಾಳೆ ಎಂದು ಬರೆದಿದ್ದೀರಿ. ಇದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಎಂಬ ಭಾಗದ ಕಾಯಿಲೆ, ಮೈಟೊಕಾಂಡ್ರಿಯಾ ಬರುವುದು ತಾಯಿಯಿಂದ, ಹಾಗಾದರೆ ಮಗಳಿಗೂ ಬರಬೇಕಿತ್ತಲ್ವಾ ಎಂದು ಕೇಳಿದ್ದೀರಿ. ಮನೆಯ ಹಿರಿಯರು ಅಕ್ಕನನ್ನೇ ದೂರುತ್ತಿದ್ದಾರೆ ಎಂಬ ಸಾಲು ಓದಿ ತುಂಬಾ ಸಂಕಟವಾಯಿತು.

ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಮೈಟೊಕಾಂಡ್ರಿಯಾಕ್ಕೆ ತನ್ನದೇ ಪುಟ್ಟ ಡಿಎನ್‌ಎ ಇದೆ, ಅದರಲ್ಲಿ 37 ಜೀನ್‌ಗಳಿವೆ. ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳಿಗೂ ಅದು ತಾಯಿಯಿಂದಲೇ ಬರುತ್ತದೆ. ಆದರೆ ಅಷ್ಟರಿಂದಲೇ ಮೈಟೊಕಾಂಡ್ರಿಯಾ ನಡೆಯುವುದಿಲ್ಲ. ಅದಕ್ಕೆ ಬೇಕಾದ ಸಾವಿರಕ್ಕೂ ಜಾಸ್ತಿ ಪ್ರೋಟೀನ್‌ಗಳ ಜೀನ್‌ಗಳು ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿವೆ. ಬಾರ್ತ್‌ನಲ್ಲಿ ಕೆಟ್ಟಿರುವುದು ಅಂಥದ್ದೊಂದು ಜೀನ್, ಅದು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ.

ನೆದರ್ಲೆಂಡ್ಸಿನ ವೈದ್ಯ ಪೀಟರ್ ಬಾರ್ತ್ 1983ರಲ್ಲಿ ಈ ಕಾಯಿಲೆಯನ್ನು ವಿವರಿಸಿದ್ದು ಒಂದು ದೊಡ್ಡ ಕುಟುಂಬವನ್ನು ನೋಡಿ. ಅಲ್ಲೂ ಗಂಡು ಕೂಸುಗಳೇ ಹೃದಯ ಸೋತೋ ಸೋಂಕು ತಗುಲಿಯೋ ಸಾಯುತ್ತಿದ್ದವು. ಜೀನ್ ಸಿಕ್ಕಿದ್ದು 1996ರಲ್ಲಿ. ಅದರಿಂದ ಆಗುವ ಟಫಾಜಿನ್ ಎಂಬ ಪ್ರೋಟೀನು ಕಾರ್ಡಿಯೋಲಿಪಿನ್ ಎಂಬ ಕೊಬ್ಬನ್ನು ಸರಿಯಾದ ರೂಪಕ್ಕೆ ತರುತ್ತದೆ. ಈ ಕೊಬ್ಬು ಕೆಟ್ಟರೆ ಮೈಟೊಕಾಂಡ್ರಿಯಾದ ಒಳಪೊರೆ ಕೆಡುತ್ತದೆ, ಶಕ್ತಿ ಸಾಲದೆ ಬರುತ್ತದೆ. ಒಂದು ಕ್ಷಣವೂ ಬಿಡುವಿಲ್ಲದ ಹೃದಯಕ್ಕೆ ಅದು ದೊಡ್ಡ ಪೆಟ್ಟು. ಹಿಗ್ಗುತ್ತದೆ, ಬಲ ಕಳೆದುಕೊಳ್ಳುತ್ತದೆ.

ಹುಡುಗನಿಗೆ ಇರುವುದು ಒಂದೇ ಎಕ್ಸ್. ಅದು ಕೆಟ್ಟಿದ್ದರೆ ಬದಲಿಗೆ ಇನ್ನೊಂದಿಲ್ಲ. ಹುಡುಗಿಗೆ ಎರಡಿವೆ. ಅವಳ ಒಂದೊಂದು ಜೀವಕೋಶವೂ ಎರಡರಲ್ಲಿ ಒಂದನ್ನು ಮಾತ್ರ ಬಳಸುತ್ತದೆ, ಮತ್ತು ಬಾರ್ತ್ ಜೀನ್ ಹೊತ್ತ ಹೆಂಗಸರಲ್ಲಿ ಎಷ್ಟೋ ಸಲ ಒಳ್ಳೆಯ ಎಕ್ಸ್ ಬಳಸುವ ಕೋಶಗಳದೇ ಮೇಲುಗೈಯಾಗುತ್ತದೆ. ಹಾಗಾಗಿ ಅವರ ಹೃದಯ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಹೆಣ್ಣುಮಕ್ಕಳಿಗೆ ಈ ಕಾಯಿಲೆ ಬರುವುದು ತೀರಾ ಅಪರೂಪ.

ಈಗ ಹಿರಿಯರ ಮಾತಿಗೆ ಬರೋಣ. ಜೀನ್ ಅಕ್ಕನಿಂದಲೇ ಬಂದಿದ್ದರೂ ಅವರಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ, ಮಗುವಿಗೆ ಯಾವ ಎಕ್ಸ್ ಹೋಗಬೇಕು ಎಂಬುದು ಯಾವ ತಾಯಿಯ ಕೈಯಲ್ಲೂ ಇಲ್ಲ. ಒಂದು ಮಗುವನ್ನು ಕಳೆದುಕೊಂಡು ಇನ್ನೊಂದನ್ನು ಉಳಿಸಿಕೊಳ್ಳಲು ಹೆಣಗುತ್ತಿರುವವರಿಗೆ ಇಂಥ ಮಾತು ಆಡುವುದು ಕ್ರೌರ್ಯ. ಬೇಕಾದರೆ ಈ ಪುಟವನ್ನು ಆ ಹಿರಿಯರಿಗೇ ತೋರಿಸಿ.

ಕಿರಿಯವನಿಗೆ ಜ್ವರ ಬಂದರೆ ಸುಮ್ನೆ ಕಾಯಬೇಡಿ. ಈ ಮಕ್ಕಳಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಕಡಿಮೆಯಾಗಬಹುದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೃದಯದ ಸ್ಕ್ಯಾನ್ ಆದ ಎಕೋ ಪರೀಕ್ಷೆಯನ್ನೂ ತಪ್ಪಿಸಬೇಡಿ. ಎಲಾಮಿಪ್ರೆಟೈಡ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2025ರ ಸೆಪ್ಟೆಂಬರಿನಲ್ಲಿ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿದೆ, ಆದರೆ ಅದು 30 ಕೆಜಿ ದಾಟಿದವರಿಗೆ, ಅದೂ ಸ್ನಾಯುಗಳ ಬಲ ಹೆಚ್ಚಿದ್ದನ್ನು ನೋಡಿ ಕೊಟ್ಟ ಒಪ್ಪಿಗೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಅಕ್ಕನ ಜೀನ್ ಪರೀಕ್ಷೆ ಮಾಡಿಸಿ. ಕೆಲವೊಮ್ಮೆ ಈ ಬದಲಾವಣೆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ. ಆದರೆ ಇಬ್ಬರು ಮಕ್ಕಳಲ್ಲಿ ಕಂಡಿದೆ ಅಂದರೆ ಅಕ್ಕನಲ್ಲೂ ಇರುವ ಸಾಧ್ಯತೆ ಜಾಸ್ತಿ. ಅದು ನಿಮ್ಮ ಅಮ್ಮನಿಂದ ಬಂದಿದ್ದರೆ ನಿಮ್ಮಲ್ಲೂ ಇರುವ ಸಾಧ್ಯತೆ ಅರ್ಧಕ್ಕರ್ಧ. ನಿಮಗೇನೂ ತೊಂದರೆ ಕಾಣದೇ ಇರಬಹುದು. ಮಕ್ಕಳ ಬಗ್ಗೆ ಯೋಚಿಸುವ ಮೊದಲು ನೀವೂ ಜೆನೆಟಿಕ್ ಕೌನ್ಸೆಲರ್ ಒಬ್ಬರನ್ನು ಕಾಣಿ, ಹೋಗುವಾಗ ಅಕ್ಕನ ಮಗನ ರಿಪೋರ್ಟ್ ಜೊತೆಗಿರಲಿ.

ಸಂಪಾದಕ